ಹಾಳು ಬಿದ್ದ ತಾಕನ್ನು ವಾಪಸ್ ಕೇಳುವುದು ಹೇಗೆ?

ಓದುಗರೊಬ್ಬರ ಪತ್ರದ ಸಾರ: "ನಾನು ಸಮುದಾಯ ಕೈತೋಟ ಸಂಘವೊಂದರ ಕಾರ್ಯದರ್ಶಿ. ಒಂದೇ ಜಾಗವನ್ನು ತಾಕುಗಳಾಗಿ ಹಂಚಿಕೊಂಡು ತರಕಾರಿ ಬೆಳೆಯುತ್ತೇವೆ. ಹಿರಿಯ ಸದಸ್ಯರೊಬ್ಬರು ಎರಡು ವರ್ಷದಿಂದ ತಮ್ಮ ತಾಕಿಗೆ ಕಾಲಿಟ್ಟಿಲ್ಲ. ಚಂದಾ ಮಾತ್ರ ತಪ್ಪದೆ ಕಟ್ಟುತ್ತಾರೆ. ಅವರ ಕಳೆ ಪಕ್ಕದವರ ಮಡಿಗೆ ನುಗ್ಗುತ್ತಿದೆ. ತಾಕು ಬೇಕು ಎಂದು ಕಾಯುತ್ತಿರುವವರ ಪಟ್ಟಿ ಉದ್ದವಾಗುತ್ತಿದೆ. ವಾಪಸ್ ಕೇಳಿದರೆ ಮನಸ್ತಾಪ, ಸುಮ್ಮನಿದ್ದರೆ ಅನ್ಯಾಯ. ಏನು ಮಾಡಲಿ? ಇನ್ನೊಂದು ವಿಷಯ: ಎಲ್ಲರಿಗೂ ಸೇರಿಸಿ ಒಂದು ಲೋಡ್ ಕೊಟ್ಟಿಗೆ ಗೊಬ್ಬರ ತರಿಸುತ್ತಿದ್ದೇವೆ. ಏನಾದರೂ ಎಚ್ಚರ ವಹಿಸಬೇಕೇ?"

ಪ್ರಿಯ ಕಾರ್ಯದರ್ಶಿಗಳೇ,

ನಿಮ್ಮ ಪತ್ರದಲ್ಲಿ ಒಂದು ವಿಷಯ ಇಲ್ಲ. ಆ ಹಿರಿಯರು ಯಾಕೆ ಬರುತ್ತಿಲ್ಲ? ಮಂಡಿ ನೋವಿರಬಹುದು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿರಬಹುದು. ಬರದೇ ಇದ್ದರೂ ಚಂದಾ ಕಟ್ಟುವವರಿಗೆ ಸಾಮಾನ್ಯವಾಗಿ ತೋಟದ ಮೇಲೆ ಆಸೆ ಇನ್ನೂ ಇರುತ್ತದೆ. ಬಿಟ್ಟುಕೊಡುತ್ತೇನೆ ಎನ್ನಲು ಸಂಕೋಚ, ಅಷ್ಟೆ. ಆದ್ದರಿಂದ ನೋಟಿಸ್ ಬರೆಯುವ ಮೊದಲು ಅವರಿಗೆ ಬೇಕಾದ ಒಬ್ಬರು ಹೋಗಿ ಮಾತಾಡಿಸಲಿ. ಸಮಿತಿಯ ಪರವಾಗಿ ಬಂದೆ ಎನ್ನುವುದು ಬೇಡ. "ಈ ಸಲ ಆಗುತ್ತಾ? ಅರ್ಧ ಇಟ್ಟುಕೊಂಡು ಅರ್ಧ ಬೇರೆಯವರಿಗೆ ಕೊಡೋಣವಾ?" ಎಂದು ಕೇಳಲಿ.

ಈ ಅರ್ಧದ ಮಾತನ್ನು ನಾನು ಸುಮ್ನೆ ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ ಇಂಥ ತೋಟಗಳ ಹಳೆಯ ತಾಕಿನ ಅಳತೆ ಸುಮಾರು 250 ಚದರ ಮೀಟರ್. ಒಂದು ಕುಟುಂಬದ ತರಕಾರಿಗೆ ಸಾಕಾಗಲಿ ಎಂದು ಮಾಡಿದ ಲೆಕ್ಕ ಅದು. ದಿನವಿಡೀ ಕೆಲಸ ಮಾಡಿ ವಾರಕ್ಕೊಮ್ಮೆ ಬರುವವರಿಗೆ ಅದು ಜಾಸ್ತಿಯೇ. ಅಲ್ಲೂ ಈಗ ಅನೇಕ ಕಡೆ ಅರ್ಧ, ಕಾಲು ತಾಕು ಕೊಡುತ್ತಾರೆ. ನೀವೂ ಹೊಸಬರಿಗೆ ಮೊದಲ ವರ್ಷ ಅರ್ಧವನ್ನೇ ಕೊಡಿ. ಇಡೀ ತಾಕು ಹಿಡಿದವರು ಮೊದಲ ಹಂಗಾಮಿನಲ್ಲೇ ಸುಸ್ತಾದರೆ ಇನ್ನೊಂದು ಹಾಳು ತಾಕು ತಯಾರು.

ಮಾತಿನಿಂದ ಆಗದಿದ್ದರೆ ನಿಯಮ ಬೇಕು. ಆದರೆ ಒಬ್ಬರನ್ನು ಕಣ್ಣಲ್ಲಿಟ್ಟುಕೊಂಡು ಮಾಡಿದ ನಿಯಮ ನಿಲ್ಲುವುದಿಲ್ಲ. ಸರ್ವಸದಸ್ಯರ ಸಭೆಯಲ್ಲಿ ಇಟ್ಟು, ಎಲ್ಲರಿಂದ ಒಪ್ಪಿಗೆ ಪಡೆದು, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ತಪಾಸಣೆಯ ದಿನ ಮೊದಲೇ ಎಲ್ಲರಿಗೂ ಗೊತ್ತಿರಲಿ. ಇಬ್ಬರು ಒಟ್ಟಿಗೆ ಹೋಗಲಿ. ಸಮಿತಿಯವರ ತಾಕುಗಳಿಂದಲೇ ಶುರು ಮಾಡಲಿ. "ಸಾಗುವಳಿ ಆಗಿದೆ" ಎಂದರೆ ಏನು ಎಂಬುದನ್ನೂ ಬಿಡಿಸಿ ಬರೆಯಬೇಕು, ಇಲ್ಲದಿದ್ದರೆ ಪ್ರತಿ ಸಲ ಜಗಳ. ಬೀಜಕ್ಕೆಂದು ಬಿಟ್ಟ ಕೊತ್ತಂಬರಿ ಎತ್ತರಕ್ಕೆ ಬೆಳೆದು ಹೂ ಬಿಟ್ಟು ಒಣಗುವಾಗ ದೂರದಿಂದ ಕಳೆಯಂತೆಯೇ ಕಾಣುತ್ತದೆ. ಹಸಿರೆಲೆ ಗೊಬ್ಬರಕ್ಕೆ ಸೆಣಬು ಬಿತ್ತಿದ ಮಡಿಯೂ ಹಾಗೆಯೇ. ಒಣಹುಲ್ಲಿನ ಹೊದಿಕೆ ಹಾಸಿದ ಖಾಲಿ ಮಡಿಯಲ್ಲೂ ಕೆಲಸ ನಡೆದಿದೆ. ಇವೆಲ್ಲ ಸಾಗುವಳಿಯ ಲೆಕ್ಕಕ್ಕೇ ಬರಬೇಕು.

ಆಮೇಲೆ ಹಂತಗಳು. ಮೊದಲು ಬಾಯಿಮಾತು, ನಂತರ ಪತ್ರ, ಕೊನೆಗೆ ಗಡುವು ಹಾಕಿದ ನೋಟಿಸ್. ಕೆರೆ ನೀರು, ಹುಲ್ಲುಗಾವಲು, ಮೀನುಗಾರಿಕೆಯಂಥ ಹಂಚಿಕೊಂಡು ಬಾಳುವ ಸಂಪತ್ತನ್ನು ಜನ ಹೇಗೆ ಕಾಪಾಡಿಕೊಳ್ಳುತ್ತಾರೆ ಎಂದು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಕಂಡುಕೊಂಡದ್ದೂ ಇದನ್ನೇ. ಬಹುಕಾಲ ಬಾಳಿದ ಗುಂಪುಗಳಲ್ಲಿ ಮೊದಲ ತಪ್ಪಿಗೆ ಶಿಕ್ಷೆ ಸಣ್ಣದು, ಮತ್ತೆ ಮತ್ತೆ ತಪ್ಪಿದರೆ ದೊಡ್ಡದು. ನಿಯಮ ಮಾಡುವುದರಲ್ಲಿ ಪಾಲಿಸುವವರ ಕೈಯೂ ಇತ್ತು. ಬ್ರಿಟನ್ನಿನ 1908ರ ಕಾಯ್ದೆಯಲ್ಲಿ ಬಾಡಿಗೆ 40 ದಿನ ಬಾಕಿ ಬಿದ್ದ ಮೇಲೂ ತಾಕು ಬಿಡಿಸಲು ಒಂದು ತಿಂಗಳ ಲಿಖಿತ ನೋಟಿಸ್ ಕೊಡಬೇಕು. ನೀವೂ ಅಷ್ಟಾದರೂ ಕಾಲ ಕೊಡಿ. ಬೆಳೆ ನಿಂತಿದ್ದರೆ ಕೊಯ್ಲಿನವರೆಗೆ ಬಿಡಿ.

ತಾಕು ವಾಪಸ್ ಪಡೆದರೆ ಹಿರಿಯರಿಗೆ ಅವಮಾನ ಆಗುತ್ತದೆ ಎಂದು ಸಮಿತಿಯವರು ಹಿಂಜರಿಯುತ್ತಿರಬಹುದು. ಅವರಿಗೆ ಜರ್ಮನಿಯ ಲೈಪ್‌ಜಿಗ್ ಕತೆ ಹೇಳಿ. ಅಲ್ಲಿ 1865ರಲ್ಲಿ ಮಕ್ಕಳಿಗಾಗಿ ಒಂದು ಆಟದ ಮೈದಾನ ಆಯಿತು. ಕೆಲ ವರ್ಷಗಳ ನಂತರ ಗೆಸೆಲ್ ಎಂಬ ಶಿಕ್ಷಕರು ಅದರ ಅಂಚಿನಲ್ಲಿ ಮಕ್ಕಳಿಗೆ ಪಾತಿ ಮಾಡಿಕೊಟ್ಟರು. ಮಕ್ಕಳಿಗೆ ಬೇಗ ಬೇಸರ ಬಂತು, ಕಳೆ ತುಂಬಿತು. ಆಗ ಅಪ್ಪ ಅಮ್ಮಂದಿರು ಗುದ್ದಲಿ ಹಿಡಿದರು. ಮಕ್ಕಳ ಪಾತಿಗಳು ಕುಟುಂಬದ ತೋಟಗಳಾದವು, ಸುತ್ತ ಬೇಲಿ ಎದ್ದಿತು. ಜರ್ಮನಿಯಲ್ಲಿ ಇಂಥ ತೋಟಗಳನ್ನು ಇವತ್ತಿಗೂ ಆ ಮೈದಾನದ ಹೆಸರಿನಿಂದಲೇ ಶ್ರೇಬರ್ ತೋಟ ಎನ್ನುತ್ತಾರೆ. ಹಾಳು ಬಿದ್ದ ಪಾತಿ ಕೈ ಬದಲಾಯಿಸಿದ್ದರಿಂದಲೇ ಅಷ್ಟು ದೊಡ್ಡ ಪರಂಪರೆ ಶುರುವಾಯಿತು ಅಲ್ವಾ? ನಿಮ್ಮ ಹಿರಿಯರ ಸದಸ್ಯತ್ವ, ಸಭೆಯಲ್ಲಿ ಅವರ ಕುರ್ಚಿ ಹಾಗೆಯೇ ಇರಲಿ. ಹೊಸಬರಿಗೆ ಬೀಜ, ಋತು, ಮಣ್ಣು ಇವನ್ನೆಲ್ಲ ಹೇಳಿಕೊಡಲು ಅವರಿಗಿಂತ ಬೇಕೇ?

ಆ ತಾಕನ್ನು ಹೊಸಬರ ಕೈಗೆ ಕೊಡುವ ಮುಂಚೆ ಟಿಲ್ಲರ್ ಹೊಡೆಸುವ ಆತುರ ಬೇಡ. ಒಂದು ಕಡೆ ಅಗೆದು ನೋಡಿ. ಗರಿಕೆ ಇದ್ದರೆ ಬಿಳಿ ಬೇರುಕಾಂಡಗಳು ಗೆಣ್ಣು ಗೆಣ್ಣಾಗಿ ಕಾಣುತ್ತವೆ. ಜೇಕು ಇದ್ದರೆ ಕಪ್ಪು ಕಂದು ಬಣ್ಣದ ಸಣ್ಣ ಗಡ್ಡೆಗಳು ದಾರಕ್ಕೆ ಪೋಣಿಸಿದ ಹಾಗೆ ಒಂದರ ಹಿಂದೊಂದು ಬರುತ್ತವೆ. ಟಿಲ್ಲರ್ ಇವನ್ನು ಕತ್ತರಿಸಿ ತಾಕಿನ ತುಂಬ ಹರಡುತ್ತದೆ, ಪ್ರತಿ ಗೆಣ್ಣೂ ಪ್ರತಿ ಗಡ್ಡೆಯೂ ಚಿಗುರುತ್ತದೆ. ಒಂದು ಭಾನುವಾರ ಎಲ್ಲರೂ ಸೇರಿ ಒಂದು ಪಟ್ಟಿಯಷ್ಟನ್ನು ಕೈಯಿಂದ ಆರಿಸಿ ಸ್ವಚ್ಛ ಮಾಡಿಕೊಡಿ. ಹೊಸಬರು ಅಲ್ಲಿಂದ ಶುರು ಮಾಡಲಿ.

ಇನ್ನು ಗೊಬ್ಬರ. ಒಬ್ಬರ ತಪ್ಪು ಒಂದು ತಾಕನ್ನು ಕೆಡಿಸುತ್ತದೆ, ಸಂಘದ ಲೋಡ್ ಎಲ್ಲರದನ್ನೂ ಕೆಡಿಸಬಹುದು. 2008ರಲ್ಲಿ ಬ್ರಿಟನ್ನಿನ ಅನೇಕ ತೋಟಗಾರರಿಗೆ ಹೀಗಾಯಿತು. ಹುಲ್ಲುಗಾವಲಿಗೆ ಹೊಡೆದ ಅಮಿನೊಪೈರಾಲಿಡ್ ಎಂಬ ಕಳೆನಾಶಕ ಹುಲ್ಲಿನಲ್ಲಿ ಉಳಿಯಿತು. ದನದ ಹೊಟ್ಟೆ ದಾಟಿ ಸಗಣಿಗೆ ಬಂತು. ತಿಪ್ಪೆಯಲ್ಲಿ ಕಳಿತ ಮೇಲೂ ಪೂರ್ತಿ ಹೋಗಲಿಲ್ಲ. ಟೊಮೆಟೊ, ಹುರುಳಿಕಾಯಿ, ಆಲೂಗಡ್ಡೆ ಎಲೆಗಳು ಮುದುರಿ ಸುರುಟಿದವು. ಹಾಗಾಗಿ ಮಾರುವವರನ್ನು ಕೇಳಿ: ದನಗಳಿಗೆ ಹಾಕಿದ ಮೇವು ಎಲ್ಲಿಯದು, ಆ ಹೊಲಕ್ಕೆ ಏನು ಹೊಡೆದಿದ್ದರು? ಉತ್ತರ ಏನೇ ಬರಲಿ, ಪರೀಕ್ಷೆ ಮಾಡಿ. ರಾಶಿಯ ಬೇರೆ ಬೇರೆ ಕಡೆಯಿಂದ ಗೊಬ್ಬರ ತೆಗೆದು ಒಳ್ಳೆಯ ಮಣ್ಣಿನೊಂದಿಗೆ ಬೆರೆಸಿ ಕೆಲವು ಕುಂಡ ತುಂಬಿ. ಬರೀ ಮಣ್ಣಿನ ಕೆಲವು ಕುಂಡ ಪಕ್ಕದಲ್ಲಿರಲಿ. ಎಲ್ಲದರಲ್ಲೂ ಹುರುಳಿಕಾಯಿ ಬೀಜ ಊರಿ. ಒಂದರ ನೀರು ಇನ್ನೊಂದಕ್ಕೆ ಸೇರದಂತೆ ಪ್ರತಿ ಕುಂಡಕ್ಕೂ ಬೇರೆ ತಟ್ಟೆ ಇಡಿ. ಮೂರು ಮೂರು ಎಲೆಗಳ ಗೊಂಚಲು ಬರುವವರೆಗೆ ಕಾಯಿರಿ. ಗೊಬ್ಬರದ ಕುಂಡಗಳಲ್ಲಿ ಮಾತ್ರ ಎಲೆ ಬಟ್ಟಲಿನಂತೆ ಮುದುರಿದರೆ ಆ ಲೋಡ್ ವಾಪಸ್ ಕಳಿಸಿ. ಅಲ್ಲಿಯವರೆಗೆ ರಾಶಿ ಒಂದು ಮೂಲೆಯಲ್ಲಿ ಟಾರ್ಪಾಲಿನ ಮೇಲೆ, ಮಳೆ ನೀರು ತಾಗದ ಹಾಗೆ ಮುಚ್ಚಿರಲಿ. ಒಂದು ಬುಟ್ಟಿಯೂ ಯಾರ ತಾಕಿಗೂ ಹೋಗುವುದು ಬೇಡ, ಎಷ್ಟೇ ಒತ್ತಾಯ ಬಂದರೂ.

ಇಂತಿ,
ಸಂಪಾದಕ