ಒಂಬತ್ತನೇ ದಿನದ ಕೀವು

ಆಳಂದದ ಓದುಗರೊಬ್ಬರು ಬರೆದಿದ್ದಾರೆ: "ಅಪ್ಪನಿಗೆ ಹರ್ನಿಯಾ ಆಪರೇಷನ್ ಆಗಬೇಕು. ವಿಮೆ ಬಿಲ್ಲುಗಳ ಲೆಕ್ಕ ನೋಡಿದರೆ ಒಂದು ಆಸ್ಪತ್ರೆಯಲ್ಲಿ ತೊಂದರೆಯೇ ಇಲ್ಲ. ಅಲ್ಲಿನ ಕೇಸ್ ಶೀಟ್ (ಚಿಕಿತ್ಸೆಯ ದಿನದಿನದ ವಿವರ ಬರೆದಿಡುವ ಕಾಗದ) ಓದಿದವರು ಸೋಂಕು ಜಾಸ್ತಿ ಅಂತಾರೆ. ಯಾವುದನ್ನು ನಂಬಲಿ?"

ಎರಡೂ ಸುಳ್ಳಲ್ಲ. ಬಿಲ್ ಬರೆಯುವುದು ದುಡ್ಡು ಬರಲಿ ಅಂತ. ಯಾವ ಪ್ಯಾಕೇಜ್, ಎಷ್ಟು ದಿನ, ಎಷ್ಟು ಹಣ, ಇಷ್ಟು ಅದರಲ್ಲಿ ಸಿಗುತ್ತದೆ. ಗಾಯ ಮಾಯಿತೋ ಇಲ್ಲವೋ ಅದಕ್ಕೆ ಬೇಕಿಲ್ಲ. ಬಿಲ್ಲಿನಲ್ಲಿ ಕಿಡ್ನಿ ತೊಂದರೆ ಅಂತ ಬರೆದಿದ್ದರೂ ರೋಗಿ ಬರುವಾಗಲೇ ಇತ್ತೋ, ಆಪರೇಷನ್ ಆದಮೇಲೆ ಬಂತೋ ಎಷ್ಟೋ ಸಲ ತಿಳಿಯುವುದಿಲ್ಲ.

ಕೇಸ್ ಶೀಟಿಗೂ ಎಲ್ಲ ಗೊತ್ತಾಗುವುದಿಲ್ಲ. ನಮ್ಮ ಅತ್ತಿಗೆಗೆ ಕಲಬುರಗಿಯಲ್ಲಿ ಪಿತ್ತಕೋಶದ ಆಪರೇಷನ್ ಆಯಿತು. ನಾಲ್ಕನೇ ದಿನ ಡಿಸ್ಚಾರ್ಜ್. ಕಾರ್ಡಿನಲ್ಲಿ ಆರಾಮಾಗಿದ್ದಾರೆ ಅಂತ ಬರೆದುಕೊಟ್ಟರು. ಒಂಬತ್ತನೇ ದಿನ, ಚಿಂಚೋಳಿ ಹತ್ತಿರದ ಊರಲ್ಲಿ, ಸೀರೆಯ ನೆರಿಗೆ ಒದ್ದೆಯಾಗಿತ್ತು. ನೋಡಿದರೆ ಹೊಲಿಗೆ ಸಂದಿನಿಂದ ಕೀವು. ಊರ ಡಾಕ್ಟರೇ ಎರಡು ಹೊಲಿಗೆ ಬಿಚ್ಚಿ, ಗಾಜ್ ತುಂಬಿ, ಹದಿನೈದು ದಿನ ಡ್ರೆಸ್ಸಿಂಗ್ ಮಾಡಿದರು. ತೊಗರಿ ರಾಶಿಯ ಹೊತ್ತು, ಮತ್ತೆ ಕಲಬುರಗಿಗೆ ಕರ್ಕೊಂಡು ಹೋಗೋರು ಯಾರು? ಆಪರೇಷನ್ ಮಾಡಿದ ಆಸ್ಪತ್ರೆಗೆ ಇದು ಇವತ್ತಿಗೂ ಗೊತ್ತಿಲ್ಲ. ಅವರ ಕಾಗದದಲ್ಲಿ ಅತ್ತಿಗೆ ಆರಾಮ. ನನಗೆ ಈಗಲೂ ಸಂಕಟವಾಗುತ್ತದೆ. ಸೋಲಾಪುರಕ್ಕೋ ಹೈದರಾಬಾದಿಗೋ ಹೋದವರ ಕಥೆಯಂತೂ ರಾಜ್ಯದ ಗಡಿಯಲ್ಲೇ ಕಳೆದುಹೋಗುತ್ತದೆ.

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು 1990ರ ದಶಕದಲ್ಲಿ ಇದಕ್ಕೊಂದು ದಾರಿ ಮಾಡಿದವು. ತರಬೇತಾದ ನರ್ಸ್ ಕೇಸ್ ಶೀಟ್ ಓದುತ್ತಾರೆ. ರೋಗಿ ಮನೆಗೆ ಹೋಗಿದ್ದರೂ 30 ದಿನದವರೆಗೆ ಏನಾಯಿತು ಅಂತ ವಿಚಾರಿಸುತ್ತಾರೆ. ಮೊದಲೇ ಸಕ್ಕರೆ ಕಾಯಿಲೆ ಇತ್ತಾ, ಎಷ್ಟು ವಯಸ್ಸು, ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹೀಗೆ ಹುಡುಕುವ ಆಸ್ಪತ್ರೆಯಲ್ಲಿ ಸೋಂಕು ಜಾಸ್ತಿ ಕಾಣುತ್ತದೆ, ಹುಡುಕಿದ್ದಕ್ಕೇ ಕಾಣುತ್ತದೆ. ಆ ಅಂಕಿಯೊಂದನ್ನೇ ನೋಡಿ ಹೆದರಬೇಡಿ.

ಕಾಗದ ಬಿಟ್ಟು ಮನೆಯವರನ್ನೇ ವಿಚಾರಿಸುವುದು ನಮ್ಮ ಭಾಗದಲ್ಲೂ ನಡೆದಿದೆ. ಬಡವರಿಗೆ ದೊಡ್ಡ ಕಾಯಿಲೆಗಳ ಉಚಿತ ಚಿಕಿತ್ಸೆಯ ಸರ್ಕಾರಿ ಯೋಜನೆ, ವಾಜಪೇಯಿ ಆರೋಗ್ಯಶ್ರೀ, 2010ರಲ್ಲಿ ಮೊದಲು ಶುರುವಾಗಿದ್ದು ಕಲಬುರಗಿ ವಿಭಾಗದಲ್ಲಿ. ಅದರಿಂದ ಸಾವು ಕಡಿಮೆಯಾಯಿತೇ ಅಂತ ನೋಡಲು ಸಂಶೋಧಕರು ಬಿಲ್ಲುಗಳನ್ನಷ್ಟೇ ನೆಚ್ಚಲಿಲ್ಲ. ಯೋಜನೆ ಇದ್ದ 300 ಹಳ್ಳಿ, ಇಲ್ಲದ 272 ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಕೇಳಿದರು.

ನಿಮ್ಮ ಅಪ್ಪನ ವಿಷಯಕ್ಕೆ ಬರೋಣ. ಡಾಕ್ಟರನ್ನು ನೇರವಾಗಿ ಕೇಳಿ: ಮನೆಗೆ ಕಳಿಸಿದ ಮೇಲೆ ಫೋನ್ ಮಾಡ್ತೀರಾ? ಯಾರು ಮಾಡ್ತಾರೆ? ಬರೆದಿಡ್ತೀರಾ? ಹರ್ನಿಯಾ ಜಾಗಕ್ಕೆ ಮೆಶ್ (ಜಾಲರಿ) ಹಾಕಿದರೆ ಆಳದ ಸೋಂಕನ್ನು 90 ದಿನದವರೆಗೂ ಗಮನಿಸಬೇಕು. ಕೆಂಪು, ಊತ, ಕೀವು, ಜ್ವರ ಏನು ಕಂಡರೂ ತಡ ಮಾಡದೆ ತೋರಿಸಿ. ಊರಲ್ಲೇ ಡ್ರೆಸ್ಸಿಂಗ್ ಮಾಡಿಸಿದರೂ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೇಳಿ, ಕೇಸ್ ಶೀಟಿನಲ್ಲಿ ಬರೆಸಿ. ಅತ್ತಿಗೆಯ ಸಲ ನಾವು ಬರೆಸಲಿಲ್ಲ.