ನಿಮ್ಮ ಲೇಖನದಲ್ಲಿ ಫೆಬ್ರವರಿ ಎಲ್ಲಿ?

ದಾವಣಗೆರೆ

ಹೊಳಲ್ಕೆರೆಯ ಲೇಖಕಿಗೆ ನಮಸ್ಕಾರ.

ಎಸ್ಸೆಸ್ಸೆಲ್ಸಿ ಮುಗಿಸಿ ಜರ್ಮನಿಗೆ ಹೋಗಿ, ಗುರುತು ಪರಿಚಯವಿಲ್ಲದವರ ಮನೆಯಲ್ಲಿದ್ದುಕೊಂಡು ಅಲ್ಲಿನ ಹೈಸ್ಕೂಲಿನಲ್ಲಿ ಒಂದು ವರ್ಷ ಓದಿ ಬಂದ ಬಗ್ಗೆ ನೀವು ಕಳುಹಿಸಿದ ಹನ್ನೊಂದು ಪುಟಗಳನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಒಂದು ಸಾಲಿನ ವಿಷಾದ ಬರೆದು ಮುಗಿಸಬಹುದಿತ್ತು, ಆದರೆ ಏಳನೇ ಪುಟದ ಒಂದು ವಾಕ್ಯ ಬಿಡಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಮೂರು ಪುಟ ತೆಗೆಯಿರಿ. ಬರ್ಲಿನ್ ಗೋಡೆ 1989ರಲ್ಲಿ ಬಿದ್ದದ್ದು ನಮ್ಮ ಓದುಗರಿಗೆ ಗೊತ್ತಿದೆ. ನೋಯ್‌ಶ್ವಾನ್‌ಸ್ಟೈನ್ ಅರಮನೆ ಕಂಡಾಗ ‘ನಮ್ಮ ಏಳು ಸುತ್ತಿನ ಕೋಟೆ ನೆನಪಾಯಿತು’ ಎಂದಿದ್ದೀರಿ. ನಿಜವಾಗಿ ನೆನಪಾಯಿತೇ? ಅದು 1869ರಲ್ಲಿ ಒಬ್ಬ ರಾಜ ತನ್ನ ಕನಸಿಗೆ ಕಟ್ಟಿಸತೊಡಗಿದ ಮನೆ. ದುರ್ಗದ ಕೋಟೆ ಮುತ್ತಿಗೆಗಳನ್ನು ಎದುರಿಸಿ, 1779ರಲ್ಲಿ ಹೈದರನ ಕೈ ಸೇರಿದ ಕೋಟೆ. ಎರಡಕ್ಕೂ ಕಲ್ಲು ಬಳಸಿದ್ದಾರೆ, ಅಷ್ಟೇ. ಊರಿನ ಹೆಸರು ಎಲ್ಲಾದರೂ ಬರಲಿ ಎಂದು ತುರುಕಿದ ಹೋಲಿಕೆ ಇದು. ‘ಪ್ರತಿದಿನ ಬೆಣ್ಣೆದೋಸೆ ಕಾಡುತ್ತಿತ್ತು’ ಎಂಬುದೂ ಅದೇ ಜಾತಿಯದು. ನಾಲ್ಕನೇ ಪುಟದಲ್ಲಿ ನಿಮ್ಮ ತಾಯಿ ಅರ್ಧ ಸೂಟ್‌ಕೇಸಿಗೆ ಮಂಡಕ್ಕಿ ತುಂಬಿ, ‘ತೂಕವೇ ಇಲ್ಲವಲ್ಲ, ಯಾಕೆ ಬೇಡ’ ಎಂದು ವಾದಿಸಿದರಲ್ಲ, ಊರು ಇರುವುದು ಅಲ್ಲಿ. ಆದರೆ ಆ ಮಂಡಕ್ಕಿ ಏನಾಯಿತು? ಯಾರು ತಿಂದರು? ಒಗ್ಗರಣೆ ಹಾಕಿದಿರಾ? ಸೂಟ್‌ಕೇಸು ವಿಮಾನ ಹತ್ತಿದ ಮೇಲೆ ಅದರ ಸುದ್ದಿಯೇ ಇಲ್ಲ.

ವಿದ್ಯಾರ್ಥಿ ವಿನಿಮಯ ಸಂಸ್ಥೆಗಳ ಇತಿಹಾಸ ಎಲ್ಲಿಂದಲೋ ಎತ್ತಿದಂತಿದೆ. ಅದರಲ್ಲಿ ಒಂದೇ ಸಂಗತಿ ಉಳಿಸಿ: ಎಎಫ್‌ಎಸ್ (ಅಮೆರಿಕನ್ ಫೀಲ್ಡ್ ಸರ್ವಿಸ್) 1915ರಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಆಂಬುಲೆನ್ಸ್ ಓಡಿಸುವ ಸ್ವಯಂಸೇವಕರ ಪಡೆಯಾಗಿ ಶುರುವಾಯಿತು, ಎರಡು ಮಹಾಯುದ್ಧ ಕಂಡ ಮೇಲೆ 1947ರಿಂದ ಹೈಸ್ಕೂಲು ಮಕ್ಕಳನ್ನು ಪರದೇಶದ ಮನೆಗಳಿಗೆ ಕಳುಹಿಸತೊಡಗಿತು. ಗಾಯಾಳುಗಳನ್ನು ಹೊತ್ತವರಿಗೆ ಮಕ್ಕಳನ್ನು ಬೇರೆಯವರ ಊಟದ ಮೇಜಿಗೆ ಕೂರಿಸಬೇಕು ಎಂದು ಏಕೆ ಅನಿಸಿತು ಎಂದು ಓದುಗ ತಾನೇ ಯೋಚಿಸುತ್ತಾನೆ.

ಒಂದು ತಪ್ಪು. ‘ಭಾರತಕ್ಕೂ ಅಲ್ಲಿಗೂ ಐದು ಗಂಟೆ ವ್ಯತ್ಯಾಸ’ ಎಂದಿದ್ದೀರಿ. ಬೇಸಿಗೆಯಲ್ಲಿ ಮೂರೂವರೆ, ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ನಾಲ್ಕೂವರೆ. ಇದು ಬರೀ ಲೆಕ್ಕದ ಮಾತಲ್ಲ. ನಿಮ್ಮ ತಾಯಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದರೆಂದು ನೀವೇ ಬರೆದಿದ್ದೀರಿ. ಅಂದರೆ ಸೆಪ್ಟೆಂಬರಿನಲ್ಲಿ ಆ ಕರೆ ಸಂಜೆ ಐದೂವರೆಗೆ, ಒಳ್ಳೆಯ ಬೆಳಕಿನಲ್ಲಿ ಬರುತ್ತಿತ್ತು. ಡಿಸೆಂಬರಿನಲ್ಲಿ ನಾಲ್ಕೂವರೆಗೆ, ಕತ್ತಲಾಗುವ ಹೊತ್ತಿಗೆ. ಹೊಳಲ್ಕೆರೆಯ ಅಡುಗೆಮನೆಯಲ್ಲಿ ಗಡಿಯಾರ ಕದಲಲೇ ಇಲ್ಲ. ಇಂಥದ್ದು ಕೈಯಲ್ಲಿರುವಾಗ ‘ಮನೆಯ ನೆನಪು ಬಹಳ ಕಾಡಿತು’ ಎಂದು ಯಾರಾದರೂ ಬರೆಯುತ್ತಾರೆಯೇ?

ಗಣಿತದಲ್ಲಿ ‘ಒಂದು’ ಬಂತೆಂದು ಸಂಭ್ರಮದಿಂದ ಹೇಳಿದಾಗ ನಿಮ್ಮ ತಂದೆ ಫೋನಿನಲ್ಲಿ ಮಾತೇ ಆಡದೆ ಕುಳಿತ ಪ್ರಸಂಗ ಚೆನ್ನಾಗಿದೆ. ಅಲ್ಲಿ ಒಂದು ಎಂದರೆ ಅತ್ಯುತ್ತಮ, ಆರು ಎಂದರೆ ನಪಾಸು ಎಂಬುದನ್ನು ಮೊದಲೇ ವಿವರಿಸಿ ನಗು ಕೆಡಿಸಿದ್ದೀರಿ. ತಂದೆಯ ಮೌನ ಮೊದಲು ಬರಲಿ.

ಈಗ ಏಳನೇ ಪುಟ, ನೀವಿದ್ದ ಮನೆಯಾಕೆಯ ಬಗ್ಗೆ. ‘ಹೆಸರು ಹಿಡಿದೇ ಕರೆ ಎಂದು ಆಕೆ ಹೇಳಿದರು. ನನಗೆ ಬಾಯಿ ಬರಲಿಲ್ಲ. ನಾಲ್ಕು ತಿಂಗಳು ಏನೆಂದೂ ಕರೆಯಲಿಲ್ಲ, ಹತ್ತಿರ ಹೋಗಿ ಕೆಮ್ಮುತ್ತಿದ್ದೆ.’

ಇದನ್ನು ಓದಿ ಕನ್ನಡಕ ತೆಗೆದಿಟ್ಟೆ. ನಾನು ಪಿಯುಸಿ ಓದಿದ್ದು ಚಿತ್ರದುರ್ಗದಲ್ಲಿ, ದೂರದ ಸಂಬಂಧಿಕರ ಮನೆಯಲ್ಲಿದ್ದುಕೊಂಡು. ಅವರು ಒಳ್ಳೆಯವರೇ. ಆದರೂ ಎರಡು ವರ್ಷದಲ್ಲಿ ಮೂರನೇ ರೊಟ್ಟಿಯನ್ನು ನಾನಾಗಿ ಕೇಳಿದವನಲ್ಲ. ನನ್ನ ಅಜ್ಜನ ಕಾಲದಲ್ಲಿ ಬಡ ಹುಡುಗರು ವಾರಾನ್ನ ಉಂಡು ಓದುತ್ತಿದ್ದರು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಪರರ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಮ್ಮಿದವರು ನಮ್ಮ ಜಿಲ್ಲೆಗಳಲ್ಲಿ ಬಹಳ ಮಂದಿ ಇದ್ದಾರೆ. ನಿಮ್ಮ ಓದುಗರು ಅವರು. ಅವರಿಗೆ ಅರಮನೆ ತೋರಿಸುತ್ತಾ ಕೂತಿದ್ದೀರಿ. ಅಂದ ಹಾಗೆ, ‘ಆತಿಥೇಯ ತಾಯಿ’ ಎಂಬ ಪದ ಲೇಖನದಲ್ಲಿ ಇಪ್ಪತ್ತಮೂರು ಸಲ ಇದೆ. ಯಾರೂ ಯಾರನ್ನೂ ಹಾಗೆ ಕರೆಯುವುದಿಲ್ಲ. ‘ಆ ಮನೆಯಾಕೆ’ ಎಂದರೆ ಸಾಕು.

ಒಂಬತ್ತನೇ ಪುಟದಲ್ಲಿ ಒಂದು ಸಾಲು: ‘ಫೆಬ್ರವರಿಯಲ್ಲಿ ಕೆಲವು ಕಾರಣಗಳಿಂದ ಬೇರೆ ಮನೆಗೆ ಹೋಗಬೇಕಾಯಿತು.’ ಮುಂದಿನ ಪ್ಯಾರಾದಲ್ಲಿ ವಸಂತ ಬಂದು ಹೂ ಅರಳಿಬಿಡುತ್ತದೆ. ಯಾವ ಕಾರಣಗಳು? ಹೊರಟ ದಿನ ಯಾರು ಬಾಗಿಲವರೆಗೆ ಬಂದರು? ಮನೆ ಬದಲಾಗುವುದು ಇಂಥ ವರ್ಷಗಳಲ್ಲಿ ಅಪರೂಪವೇನಲ್ಲ, ಅವಮಾನವೂ ಅಲ್ಲ. ನಿಮ್ಮ ಲೇಖನ ಆ ಒಂದು ಸಾಲಿನೊಳಗೆ ಸಿಕ್ಕಿಕೊಂಡಿದೆ. ಬರೆಯಲು ಮನಸ್ಸಿಲ್ಲದಿದ್ದರೆ ಅದು ನಿಮ್ಮ ಹಕ್ಕು, ನಾನು ಒತ್ತಾಯಿಸುವುದಿಲ್ಲ. ಆಗ ಲೇಖನ ಜನವರಿಗೇ ಮುಗಿಯಲಿ, ಹೂವಿನ ಪ್ಯಾರಾ ಬೇಡ.

ಬರೆಯುವುದಾದರೆ ಎಚ್ಚರದಿಂದ ಬರೆಯಿರಿ. ದುಡ್ಡು ಪಡೆಯದೆ ಒಂದು ಕೋಣೆ ಬಿಟ್ಟುಕೊಟ್ಟವರು ಅವರು. ಉತ್ತರ ಕೊಡಲು ಅವರಿಗೆ ನಮ್ಮ ಪತ್ರಿಕೆಯಲ್ಲಿ ಜಾಗವಿಲ್ಲ. ಅವರಿಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯವೂ ಬೇಡ, ಈಗ ಮೊಬೈಲು ಎಲ್ಲವನ್ನೂ ಅನುವಾದಿಸುತ್ತದೆ. ಆ ಮನೆಯ ಚಿಕ್ಕ ಮಗುವಿನ ಹೆಸರನ್ನೂ ಫೋಟೊವನ್ನೂ ತೆಗೆದಿದ್ದೇನೆ. ಅವರ ತಪ್ಪು ಬರೆಯುವಷ್ಟೇ ಜಾಗ ನಿಮ್ಮ ತಪ್ಪಿಗೂ ಸಿಗಲಿ. ನಾಲ್ಕು ತಿಂಗಳು ಪಕ್ಕದಲ್ಲಿ ನಿಂತು ಕೆಮ್ಮುವ ಹುಡುಗಿಯನ್ನು ಆಕೆ ಏನೆಂದುಕೊಂಡಿರಬಹುದು?

ಹಿಂದಿರುಗಿ ಬಂದು ಕಾಲೇಜು ಸೇರಿದಾಗ, ಶಾಲೆಯಲ್ಲಿ ನಿಮಗಿಂತ ಒಂದು ತರಗತಿ ಕೆಳಗಿದ್ದವರ ಜೊತೆ ಒಂದೇ ಬೆಂಚಿನಲ್ಲಿ ಕುಳಿತದ್ದನ್ನು ಎರಡು ಸಾಲಿನಲ್ಲಿ ಹೇಳಿದ್ದೀರಿ. ಅಷ್ಟು ಸಾಕು.

ಐದು ಪುಟ ಮೀರದಂತೆ ತಿದ್ದಿ ಕಳುಹಿಸಿ. ಆತುರವಿಲ್ಲ. ಮತ್ತೆ, ಎರಡನೇ ಮನೆಯಾಕೆಯನ್ನು ಏನೆಂದು ಕರೆದಿರಿ? ಅದನ್ನೂ ಬರೆದಿಲ್ಲ.

ಸಂಪಾದಕ