ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇದೆ, ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸಾಕಾ?

ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಮನೆ, 4×6 ಅಡಿಯ ಬಾತ್‌ರೂಮ್, ಒಳಗೇ 6 ಲೀಟರಿನ ಗ್ಯಾಸ್ ಗೀಸರ್, ಚಳಿಗೆ ಅಂತ ವೆಂಟಿಲೇಟರ್‌ಗೆ ರಟ್ಟು. ಸ್ನಾನ ಮುಗಿಯುವ ಹೊತ್ತಿಗೆ ಮಗಳಿಗೆ ತಲೆ ಸುತ್ತುತ್ತದೆ, ಹೊರಗೆ ಬಂದರೆ ಸರಿಹೋಗುತ್ತದೆ ಅಂತ ಬರೆದಿದ್ದೀರಿ. ಫ್ಯಾನ್ ಸಾಲದು. ಇವತ್ತಿನಿಂದಲೇ ಆ ಗೀಸರ್ ಹಚ್ಚಬೇಡಿ. ನಾಳೆ ಬೆಳಗ್ಗೆ ಸ್ಟೌ ಮೇಲೆ ನೀರು ಕಾಯಿಸಿ ಬಕೆಟ್‌ಗೆ ಹಾಕಿಕೊಡಿ.

"ಹೊರಗೆ ಬಂದರೆ ಸರಿಹೋಗುತ್ತದೆ" ಅನ್ನುವ ಮಾತೇ ನನಗೆ ಭಯ ಹುಟ್ಟಿಸಿದ್ದು. ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್, ಅದನ್ನು ಕುಡಿದವರು ಹೇಳುವುದು ಹೀಗೆಯೇ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಉಸಿರು ಕಟ್ಟಿದಂತೆಯೂ ಆಗುವುದಿಲ್ಲ. ಸಿಲಿಂಡರ್ ಲೀಕ್ ಆದಾಗ ಬರುವ ವಾಸನೆಯೇ ಬೇರೆ, ಅದನ್ನು ನಂಬಿ ಕೂರಬೇಡಿ. ಮಗಳನ್ನು ಡಾಕ್ಟರಿಗೆ ತೋರಿಸಿ, ಗೀಸರ್ ವಿಷಯ ಮೊದಲೇ ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ಗೆ ಈ ವಿಷ ಗೊತ್ತಾಗುವುದಿಲ್ಲ, 98 ಅಂತಲೇ ತೋರಿಸಬಹುದು. ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್, ಅಂದರೆ ಈ ವಿಷ ಅಂಟಿಕೊಂಡ ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೋಡಬೇಕು. ಅದೂ ತಡಮಾಡಿದರೆ ಸಿಗುವುದಿಲ್ಲ, ಬರೀ ಗಾಳಿಯಲ್ಲಿ ಇದ್ದರೂ ನಾಲ್ಕೈದು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ.

ಈಗ ಲೆಕ್ಕ ನೋಡಿ. 6 ಲೀಟರಿನ ಗೀಸರ್ ಪೂರ್ತಿ ಉರಿದರೆ ಸುಮಾರು 12 ಕಿಲೋವ್ಯಾಟ್ ಶಾಖ, ಗಂಟೆಗೆ ಹತ್ತಿರಹತ್ತಿರ 1 ಕಿಲೋ ಗ್ಯಾಸ್. ಒಂದು ಕಿಲೋ ಎಲ್‌ಪಿಜಿ ಸರಿಯಾಗಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ನಿಮ್ಮ ಬಾತ್‌ರೂಮ್ 8 ಅಡಿ ಎತ್ತರ ಅಂದುಕೊಂಡರೆ ಒಳಗಿರುವುದು 192 ಘನ ಅಡಿ ಗಾಳಿ, ತೂಕದಲ್ಲಿ ಸುಮಾರು 6 ಕಿಲೋ. ಹತ್ತು ನಿಮಿಷದ ಸ್ನಾನಕ್ಕೆ ಗೀಸರ್ ಅದರಲ್ಲಿ ಸುಮಾರು ಐದರಲ್ಲಿ ಎರಡು ಪಾಲು ತಿಂದುಹಾಕುತ್ತದೆ. ಚಿಕ್ಕಬಳ್ಳಾಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ, ಸಮುದ್ರ ಮಟ್ಟಕ್ಕಿಂತ ಗಾಳಿ ಹತ್ತರಲ್ಲೊಂದು ಪಾಲು ತೆಳು. ಒಳಗಿನ ಆಮ್ಲಜನಕ 21ರಿಂದ 18 ಪರ್ಸೆಂಟ್‌ಗೆ ಇಳಿದರೂ ಸಾಕು, ಗ್ಯಾಸ್ ಅರೆಬರೆ ಉರಿದು ಈ ವಿಷ ಹೆಚ್ಚುತ್ತದೆ. ಅಮೆರಿಕದಲ್ಲಿ ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್‌ಗೆ, ಅದೂ ಹೊಗೆ ಕೊಳವೆ ಇರುವಂಥದ್ದಕ್ಕೆ, ಕೋಣೆಯ ಗಾಳಿಯೊಂದನ್ನೇ ನಂಬುವುದಾದರೆ ಪ್ರತಿ ಕಿಲೋವ್ಯಾಟ್‌ಗೆ 4.8 ಘನ ಮೀಟರ್ ಜಾಗ ಇರಬೇಕು ಅಂತ ನಿಯಮ. ನಿಮ್ಮ 12 ಕಿಲೋವ್ಯಾಟ್ ಗೀಸರ್‌ಗೆ ಹಾಗೆ ಹಾಕಿದರೆ ಸುಮಾರು 58 ಘನ ಮೀಟರ್, ಅಂದರೆ ಸುಮಾರು 2,000 ಘನ ಅಡಿ ಬೇಕು. ನಿಮ್ಮಲ್ಲಿರುವುದು ಅದರ ಹತ್ತನೇ ಒಂದು ಪಾಲು.

ಎಕ್ಸಾಸ್ಟ್ ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುತ್ತದೆ, ಒಳಗೆ ತರುವುದಿಲ್ಲ. ಬಾಗಿಲು ಮುಚ್ಚಿ ವೆಂಟಿಲೇಟರ್‌ಗೆ ರಟ್ಟು ಇಟ್ಟರೆ ಅದಕ್ಕೆ ಸಿಗುವುದು ಬಾಗಿಲಡಿಯ ಸಂದು ಮಾತ್ರ. ಅರ್ಧ ಇಂಚಿನ ಸಂದು, 30 ಇಂಚಿನ ಬಾಗಿಲು, ಬರೀ 15 ಚದರ ಇಂಚು. ಗೀಸರ್‌ಗೆ ಹೊಗೆ ಕೊಳವೆ ಇದ್ದರಂತೂ ಇನ್ನೂ ಕೆಟ್ಟದ್ದು, ಫ್ಯಾನ್ ಆ ಕೊಳವೆಯಿಂದಲೇ ಗಾಳಿ ಎಳೆದು ಹೊಗೆಯನ್ನು ವಾಪಸ್ ಒಳಗೆ ತರುತ್ತದೆ.

ಹಳೇ ಬಚ್ಚಲುಮನೆಗಳಲ್ಲಿ ಹಂಡೆ ಒಳಗಿದ್ದರೂ ಒಲೆಯ ಬಾಯಿ ಎಷ್ಟೋ ಕಡೆ ಹೊರಗಡೆಗೆ ಇರುತ್ತಿತ್ತು. ನೀವೂ ಅದನ್ನೇ ಮಾಡಬೇಕು: ಗೀಸರ್, ಸಿಲಿಂಡರ್ ಎರಡನ್ನೂ ಯುಟಿಲಿಟಿಗೋ ಬಾಲ್ಕನಿಗೋ ಸಾಗಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಬಿಸಿನೀರಿಗೆ ಬಿಸಿ ತಡೆಯುವ ಸಿಪಿವಿಸಿ ಪೈಪ್ ಹಾಕಿಸಿ, ಮಾಮೂಲಿ ಪಿವಿಸಿ ಮೆತ್ತಗಾಗುತ್ತದೆ. ಪೈಪ್ ಉದ್ದ ಆದಷ್ಟೂ ಒತ್ತಡ ಇಳಿಯುತ್ತದೆ. ಟ್ಯಾಂಕ್ ತಾರಸಿಗೆ ಅಂಟಿಕೊಂಡಂತಿದ್ದರೆ ಗೀಸರ್ ಹೊತ್ತಿಕೊಳ್ಳದೆ ಹೋಗಬಹುದು, ಜಾಗ ಬದಲಿಸುವ ಮೊದಲೇ ಪ್ಲಂಬರ್ ಹತ್ತಿರ ನೋಡಿಸಿ. ಬಾತ್‌ರೂಮಿನ ಕಿಟಕಿಯ ನೇರಕ್ಕೆ, ಅದರ ಕೆಳಗೆ ಗೀಸರ್ ಕೂರಿಸಬೇಡಿ, ಹೊಗೆ ಮತ್ತೆ ಒಳಗೇ ಬರುತ್ತದೆ. ಮಳೆಗೆ ಮೇಲೊಂದು ತಗಡು ಸಾಕು, ಪೆಟ್ಟಿಗೆ ಕಟ್ಟಿಸಬೇಡಿ.

ಯುಟಿಲಿಟಿಗೆ ಗಾಜು ಹಾಕಿ ಮುಚ್ಚಿದ್ದರೆ ಅದೂ ಇನ್ನೊಂದು ಬಾತ್‌ರೂಮ್ ಇದ್ದಂತೆ. ಒಂದು ಕಡೆ ಬರೀ ಗ್ರಿಲ್ ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಹೊರಗೋಡೆಗೆ ಎರಡು ಕಿಂಡಿ: ಒಂದು ನೆಲದಿಂದ ಒಂದು ಅಡಿಯೊಳಗೆ, ಇನ್ನೊಂದು ಸೂರಿನಿಂದ ಒಂದು ಅಡಿಯೊಳಗೆ, ತಲಾ ಒಂದು ಚದರ ಅಡಿ, ಜೊತೆಗೆ ಹೊಗೆ ಹೊರಹೋಗಲು ಕೊಳವೆ. ಕೆಳಗಿನದರಲ್ಲಿ ತಾಜಾ ಗಾಳಿ ಬರುತ್ತದೆ, ಲೀಕ್ ಆದ ಗ್ಯಾಸ್ ಭಾರವಿರುವುದರಿಂದ ಅಲ್ಲೇ ಹೊರಗೂ ಹೋಗುತ್ತದೆ. ಸೊಳ್ಳೆ ಪರದೆ ಬಡಿಯಬೇಡಿ, ಧೂಳು ಕಟ್ಟಿ ತಿಂಗಳಲ್ಲಿ ಮುಚ್ಚಿಹೋಗುತ್ತದೆ. ಇಲಿಗೆ ಕಾಲಿಂಚಿನ ಜಾಲರಿ ಸಾಕು. ಮರದ ಪಟ್ಟಿಯ ಜಾಲಂದ್ರ ಆದರೆ ಕಿಂಡಿಯ ಕಾಲು ಭಾಗವಷ್ಟೇ ಗಾಳಿಗೆ ಸಿಗುತ್ತದೆ, ತಗಡಿನದಾದರೆ ಮುಕ್ಕಾಲು.

ಕೆಲಸ ಮುಗಿದ ಮೇಲೆ ಊದುಬತ್ತಿ ಹಿಡಿದು ಪರೀಕ್ಷೆ ಮಾಡಿ. ಕಿಟಕಿ ಬಾಗಿಲು ಹಾಕಿ, ಅಡುಗೆಮನೆ ಚಿಮಣಿ, ಎಕ್ಸಾಸ್ಟ್ ಎಲ್ಲ ಆನ್ ಮಾಡಿ, ಗೀಸರ್ ಐದು ನಿಮಿಷ ಉರಿಯಲಿ. ಊದುಬತ್ತಿಯನ್ನು ಹೊಗೆ ಕೊಳವೆಯ ಬುಡದ ಸಂದಿನ ಹತ್ತಿರ ಹಿಡಿಯಿರಿ. ಎಳೆ ಒಳಕ್ಕೆ ಬಾಗಿ ಮೇಲೇರಿದರೆ ಸರಿ. ತಿರುಗಿ ನಿಮ್ಮ ಮುಖಕ್ಕೆ ಬಂದರೆ ಗೀಸರ್ ಆರಿಸಿ, ಕಿಂಡಿ ದೊಡ್ಡದು ಮಾಡಿಸಿ. ಜ್ವಾಲೆ ಹಳದಿಗೆ ತಿರುಗಿದರೆ, ಮುಚ್ಚಳದ ಮೇಲೆ ಮಸಿ ಕಂಡರೆ ಸರ್ವಿಸ್ ಮಾಡಿಸಿ. ಆದರೆ ನೀಲಿ ಜ್ವಾಲೆ ಇದೆ ಅಂತ ನಿಶ್ಚಿಂತೆ ಬೇಡ. ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ತಂದು ಯುಟಿಲಿಟಿ ಪಕ್ಕದ ಕೋಣೆಯಲ್ಲಿ ಇಡಿ. ಎಲ್‌ಪಿಜಿ ಲೀಕ್ ಅಲಾರಂ ಬೇರೆ, ಅದು ಇದನ್ನು ಹಿಡಿಯುವುದಿಲ್ಲ.

ಯಾರಾದರೂ ಬಾತ್‌ರೂಮಿನಲ್ಲಿ ಕುಸಿದರೆ ಬಾಗಿಲು ಒಡೆಯಿರಿ, ಉಸಿರು ಬಿಗಿಹಿಡಿದು ಅವರನ್ನು ಬಯಲಿಗೆ ಎಳೆದು ತನ್ನಿ, ರೆಗ್ಯುಲೇಟರ್ ಆಫ್ ಮಾಡಿಸಿ, 108ಕ್ಕೆ ಫೋನ್ ಮಾಡಿ. ಕಾಲು ಮೊದಲು ಸೋಲುವುದರಿಂದ ಒಳಗಿದ್ದವರಿಗೆ ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ.

ಮನೆ ಓನರ್ ಗೋಡೆ ಕೊರೆಯಲು ಒಪ್ಪದಿದ್ದರೆ ಗ್ಯಾಸ್ ಬಿಟ್ಟು 15 ಲೀಟರಿನ ಕರೆಂಟ್ ಗೀಸರ್ ಹಾಕಿಸಿ. 16 ಆಂಪಿಯರ್ ಪಾಯಿಂಟ್ ಬೇಕು, ಅರ್ಥಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ನೋಡಿ ಹೇಳಿದ ಮೇಲೆಯೇ ಸ್ವಿಚ್ ಹಾಕಿ.